ಶಿಕ್ಷಕರೋ, ಸಹಾಯಕರೋ?

ಜೂನ್ ತಿಂಗಳಲ್ಲಿ ಶಾಲೆಗಳು ತೆರೆಯುವ ಮುನ್ನ ಸಂಘದ ಕಚೇರಿಗೆ ಒಂದು ಬಗೆಯ ವಿನಂತಿ ಬರುವುದು ಈಚಿನ ವರ್ಷಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಸದಸ್ಯರೊಬ್ಬರ ಮಗಳೋ ಸೊಸೆಯೋ ತಂಗಿಯೋ ಡಿ.ಎಡ್. ಇಲ್ಲವೆ ಬಿ.ಎಡ್. ಮುಗಿಸಿ ಮನೆಯಲ್ಲಿದ್ದಾಳೆ, ಪರಿಚಯದ ಶಾಲೆಯಲ್ಲಿ ಸಂಘದವರು ಒಂದು ಮಾತು ಹೇಳಬೇಕು, "ಟೀಚರ ಕೆಲಸವೇ ಆಗಬೇಕೆಂದಿಲ್ಲ, ಸಹಾಯಕಿಯ ಕೆಲಸವಾದರೂ ಆದೀತು." ಈ ಕೊನೆಯ ಮಾತು ಹಿಂದೆ ಸಂಕೋಚದಿಂದ, ಎದ್ದು ಹೋಗುವಾಗ ಬರುತ್ತಿತ್ತು. ಈಗ ಅದೇ ಮೊದಲು ಬರುತ್ತದೆ. ಎರಡು ವರ್ಷ ಶಿಕ್ಷಕ ತರಬೇತಿ ಪಡೆದವರು ಶಿಕ್ಷಕರ ಕೆಲಸವನ್ನು ಕೇಳುವುದನ್ನೇ ಬಿಟ್ಟಿದ್ದಾರೆಂದರೆ ಅದು ಸಣ್ಣ ಸಂಗತಿಯಲ್ಲ.

ಹೋಟೆಲು, ಕಾರಖಾನೆ, ಬ್ಯಾಂಕು, ಗೋದಿಗಳಲ್ಲಿ ದುಡಿಯುವವರ ಪತ್ರಿಕೆಗೆ ಶಾಲೆಯ ಉಸಾಬರಿ ಏಕೆಂದು ಕೇಳುವವರಿರಬಹುದು. ಈ ನಗರದಲ್ಲಿ ಕನ್ನಡ ಕಾರ್ಮಿಕನು ತಲೆಯೆತ್ತಿದ್ದು ಶಾಲೆಯಿಂದಲೇ ಎಂಬುದನ್ನು ಅವರಿಗೆ ನೆನಪು ಮಾಡಿಕೊಡಬಯಸುತ್ತೇವೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕುಳಿತು, ಮೆಟ್ರಿಕ್ ಪಾಸಾಗಿ, ಗುಮಾಸ್ತರೂ ವಕೀಲರೂ ಆದವರು ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ. ಅವರಿಗೆ ಕಲಿಸಿದವರು ಹಗಲು ಒಂದು ಶಾಲೆಯಲ್ಲಿ ದುಡಿದು ರಾತ್ರಿ ಇನ್ನೊಂದಕ್ಕೆ ನಡೆದು ಬರುತ್ತಿದ್ದ ಮಾಸ್ತರರು. ಆ ಮಾಸ್ತರರ ಕಸುಬನ್ನು ಹಿಡಿದ ನಮ್ಮ ಮಕ್ಕಳ ಗತಿ ಏನಾಗಿದೆ ಎಂದು ನೋಡುವುದು ನಮ್ಮ ಕೆಲಸವಲ್ಲದಿದ್ದರೆ ಇನ್ನಾರ ಕೆಲಸ?

ಸಹಾಯಕಿಯ ಕೆಲಸವೆಂದರೇನು ಎಂಬುದು ಎಲ್ಲರಿಗೂ ತಿಳಿದಿರಲಾರದು. ಡೊಂಬಿವಲಿ, ಕಲ್ಯಾಣ, ಭಾಂಡುಪ, ಮೀರಾ ರೋಡ್ ಎಲ್ಲಿಯೇ ಆಗಲಿ, ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯ ಬಾಲವರ್ಗಕ್ಕೋ ಒಂದನೆಯ ಇಯತ್ತೆಗೋ ಹೋಗಿ ನೋಡಿದರೆ ಒಂದು ಕೋಣೆಯಲ್ಲಿ ಇಬ್ಬರು ಹೆಂಗಸರು ಕಾಣುತ್ತಾರೆ. ಒಬ್ಬರು ಟೀಚರು. ಇನ್ನೊಬ್ಬರು ಸಹಾಯಕಿ; ಮಕ್ಕಳು ಇವರನ್ನು 'ದೀದಿ' ಎನ್ನುತ್ತಾರೆ. ಬಸ್ಸಿನಿಂದ ಮಕ್ಕಳನ್ನು ಇಳಿಸಿಕೊಳ್ಳುವುದು, ಬೂಟಿನ ದಾರ ಕಟ್ಟುವುದು, ಡಬ್ಬಿ ಬಿಚ್ಚಿಕೊಡುವುದು, ಅಳುವ ಮಗುವನ್ನು ಹೊರಗೆ ಕರೆದೊಯ್ದು ಸಮಾಧಾನ ಮಾಡುವುದು ದೀದಿಯ ಕೆಲಸ. ನಲವತ್ತು ಪುಸ್ತಕ ತಿದ್ದುವುದು, ಗೋಡೆಯ ತಕ್ತೆ ಬರೆಯುವುದು, ಹಿಂದೆ ಬಿದ್ದ ಐದಾರು ಮಕ್ಕಳನ್ನು ಮೂಲೆಯಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸುವುದು ಕೂಡ ಆಕೆಯದೇ. ಟೀಚರು ರಜೆ ಹಾಕಿದ ದಿನ ಇಡೀ ವರ್ಗ ಆಕೆಯದು. ಆ ದಿನದ ಪಾಠವನ್ನು ಆಕೆ ಟೀಚರಿಗಿಂತ ಕಡಿಮೆಯಾಗಿ ಮಾಡಿದಳೆಂದು ಯಾವ ಮುಖ್ಯಾಧ್ಯಾಪಕರೂ ದೂರಿದ್ದನ್ನು ನಾವು ಕೇಳಿಲ್ಲ. ತಿಂಗಳ ಕೊನೆಯಲ್ಲಿ ಮಾತ್ರ ಪಗಾರ ಟೀಚರ ಅರ್ಧಕ್ಕೂ ಮುಟ್ಟುವುದಿಲ್ಲ. ಏಪ್ರಿಲಿನಲ್ಲಿ ಬಿಡುಗಡೆ, ಜೂನಿನಲ್ಲಿ ಹೊಸ ನೇಮಕ; ನಡುವಿನ ಬೇಸಿಗೆಗೆ ಬಿಡಿಗಾಸಿಲ್ಲ. ಎಷ್ಟೋ ಕಡೆ ನೇಮಕ ಪತ್ರವೇ ಇಲ್ಲ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಮಗುವಿನ ಮೂಗು ಒರೆಸುವುದು ಕೀಳು ಕೆಲಸವೆಂದು ನಾವು ಎಣಿಸುವುದಿಲ್ಲ. ಶಾಲೆಯ ಮಾವಶಿಯೂ ನಮ್ಮ ಸಂಘದ ಸದಸ್ಯೆಯಾಗಲು ಯೋಗ್ಯಳೇ. ಆಕೆಯ ಪಗಾರವೂ ಹೆಚ್ಚಬೇಕೆಂಬುದೇ ನಮ್ಮ ವಾದ. ನಮ್ಮ ಆಕ್ಷೇಪ ಬೇರೆ: ಶಿಕ್ಷಕಿಯ ಕೆಲಸವನ್ನು ಶಿಕ್ಷಕಿಯಿಂದಲೇ ಮಾಡಿಸಿಕೊಂಡು, ಹೆಸರನ್ನು ಮಾತ್ರ ಕೆಳಗಿಳಿಸಿ, ಆ ಹೆಸರಿನ ನೆವದಿಂದ ಪಗಾರವನ್ನು ಇಳಿಸುವುದು.

ಸಹಾಯಕ ಎಂಬ ಹುದ್ದೆ ಮೂಲತಃ ಕೆಟ್ಟದ್ದೇನೂ ಅಲ್ಲ. ಹಿಂದೆ ನಮ್ಮ ಕಡೆಯ ಐಗಳ ಮಠಗಳಲ್ಲಿ ದೊಡ್ಡ ಹುಡುಗರು ಸಣ್ಣವರಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಮದ್ರಾಸಿನಲ್ಲಿ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದಾಗ ಇಂಥದೇ ಒಂದು ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ಆ ಪದ್ಧತಿಯನ್ನು ಎತ್ತಿಕೊಂಡು, ಕಲಿತ ಹುಡುಗರಿಂದ ಕಲಿಯುವ ಹುಡುಗರಿಗೆ ಪಾಠ ಹೇಳಿಸಿದನು. 1797ರಲ್ಲಿ ಅದನ್ನು ಕುರಿತು ಲಂಡನ್ನಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಎಂದೇ ಹೆಸರಾಯಿತು. ಆದರೆ ಆ ಸಹಾಯಕರು ಇನ್ನೂ ಕಲಿಯುತ್ತಿದ್ದ ಹುಡುಗರು. ನಮ್ಮ ದೀದಿಯರು ಕಲಿತು ಮುಗಿಸಿದವರು. ಪಾಠದ ಟಿಪ್ಪಣಿ ಬರೆದು, ಮೇಲ್ವಿಚಾರಕರ ಎದುರು ಅಭ್ಯಾಸ ಪಾಠ ಕೊಟ್ಟು, ಬಾಲ ಮನಶ್ಶಾಸ್ತ್ರದಲ್ಲಿ ಪರೀಕ್ಷೆ ಬರೆದು ಸರ್ಟಿಫಿಕೇಟು ತಂದವರು. ಹೊಸಬಳು ಅನುಭವಿಯ ಕೈಕೆಳಗೆ ಒಂದು ವರ್ಷ ಇದ್ದರೆ ಒಳ್ಳೆಯದೇ ಎನ್ನೋಣ. ನಮಗೆ ತಿಳಿದ ಕೆಲವರು ಆರನೆಯ ವರ್ಷ, ಎಂಟನೆಯ ವರ್ಷ ಸಹಾಯಕಿಯರಾಗಿಯೇ ಇದ್ದಾರೆ. ಅವರ ಕೈಯಲ್ಲಿ ಪಳಗಿದ ಹೊಸ ಟೀಚರುಗಳು ಅವರಿಗಿಂತ ಮೇಲೆ ಹೋಗಿದ್ದಾರೆ.

ಈ ಪರಿಪಾಠಕ್ಕೆ ದಾರಿ ತೋರಿಸಿದ್ದು ಖಾಸಗಿಯವರೇ ಎಂದು ಹೇಳಿ ಸುಮ್ಮನಾಗುವಂತಿಲ್ಲ. ಸರಕಾರಗಳೇ ಮುಂದೆ ನಡೆದವು. ಮಹಾರಾಷ್ಟ್ರ ಸರಕಾರವು 2000ದಲ್ಲಿ 'ಶಿಕ್ಷಣ ಸೇವಕ' ಎಂಬ ಯೋಜನೆಯನ್ನು ತಂದಿತು. ತರಬೇತಿ ಪಡೆದ ಶಿಕ್ಷಕನನ್ನು ಮೂರು ವರ್ಷ ಸೇವಕನೆಂದು ಕರೆದು, ವೇತನಶ್ರೇಣಿಯ ಬದಲು ಮಾನಧನ ಕೊಡುವುದು ಅದರ ತಿರುಳು. 2022ರ ಕೊನೆಯ ತನಕ ಪ್ರಾಥಮಿಕ ಶಾಲೆಯ ಶಿಕ್ಷಣ ಸೇವಕನಿಗೆ ಸಿಗುತ್ತಿದ್ದ ಮಾನಧನ ತಿಂಗಳಿಗೆ ರೂ. 6,000, ಅಂದರೆ ದಿನಕ್ಕೆ ಇನ್ನೂರು ರೂಪಾಯಿ. 2023ರ ಜನವರಿಯಿಂದ ಅದನ್ನು 16,000ಕ್ಕೂ, ಮಾಧ್ಯಮಿಕಕ್ಕೆ 18,000ಕ್ಕೂ, ಉಚ್ಚ ಮಾಧ್ಯಮಿಕಕ್ಕೆ 20,000ಕ್ಕೂ ಏರಿಸಿದರು. ಏರಿಸಿದ್ದಕ್ಕೆ ಸಂತೋಷವೇ. ಆದರೆ ಅಷ್ಟು ವರ್ಷ ಆರು ಸಾವಿರದಲ್ಲಿ ಸಂಸಾರ ನಡೆಸಿದವರಿಗೆ ಹೋದ ದಿನಗಳನ್ನು ಯಾರು ತಿರುಗಿ ಕೊಡುತ್ತಾರೆ?

ಗುಜರಾತಿನಲ್ಲಿ ಇವರ ಹೆಸರು 'ವಿದ್ಯಾ ಸಹಾಯಕ'; ಹಿಮಾಚಲದಲ್ಲಿ 'ವಿದ್ಯಾ ಉಪಾಸಕ'; ಮಧ್ಯಪ್ರದೇಶದಲ್ಲಿ 'ಶಿಕ್ಷಾ ಕರ್ಮಿ'; ಉತ್ತರ ಪ್ರದೇಶದಲ್ಲಿ 'ಶಿಕ್ಷಾ ಮಿತ್ರ'. ಸೇವಕ, ಸಹಾಯಕ, ಉಪಾಸಕ, ಮಿತ್ರ! ಶಿಕ್ಷಕ ಎಂಬ ಒಂದು ಮಾತನ್ನು ತಪ್ಪಿಸುವುದಕ್ಕೆ ಪಂಡಿತರು ಎಷ್ಟು ನಿಘಂಟುಗಳನ್ನು ತಿರುವಿ ಹಾಕಿದರೋ. ನಮ್ಮ ತವರಾದ ಕರ್ನಾಟಕವಾದರೂ ಮೇಲಿದೆಯೇ ಎಂದರೆ, ಅಲ್ಲಿ ಅವರು 'ಅತಿಥಿ ಶಿಕ್ಷಕರು'. ಶಿಕ್ಷಕ ಎಂಬ ಪದವನ್ನಾದರೂ ಉಳಿಸಿದ್ದಾರೆ. ಆದರೆ ವರ್ಷವರ್ಷವೂ ಬಂದು ವರ್ಷವರ್ಷವೂ ಹೋಗಬೇಕಾದ ಅತಿಥಿ. 2025ರ ಮುಂಗಡಪತ್ರದಲ್ಲಿ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸುವ ಘೋಷಣೆಯಾಯಿತು. ಬೇಸಿಗೆಯ ರಜೆಯಲ್ಲಿ ಅವರಿಗೂ ಉಪವಾಸವೇ.

ಇನ್ನು ಕಾಯಿದೆಯ ಮಾತು. ಇದು ಸ್ವಲ್ಪ ತೊಡಕಿನ ವಿಷಯವಾದರೂ ಓದುಗರು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇವೆ. ಗಂಟು ಇರುವುದು ಇಲ್ಲಿಯೇ.

1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಸಿದ್ಧ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ಉದ್ಯಮ' ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟಿತು. ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ಶಾಲೆ ಉದ್ಯಮವಾದರೆ ಅಲ್ಲಿ ದುಡಿಯುವವನು ಕಾರ್ಮಿಕನಾಗಬೇಕಷ್ಟೆ? ಹಾಗಾಗಲಿಲ್ಲ. ಗೋವೆಯ ಶಾಲೆಯೊಂದರಿಂದ ತೆಗೆಯಲ್ಪಟ್ಟ ಶಿಕ್ಷಕಿಯೊಬ್ಬರ ಮೊಕದ್ದಮೆಯಲ್ಲಿ 1988ರಲ್ಲಿ ಅದೇ ಕೋರ್ಟು, ಪಾಠ ಹೇಳುವುದು ಮೈಗೆಲಸವೂ ಅಲ್ಲ, ಗುಮಾಸ್ತಿಕೆಯೂ ಅಲ್ಲ, ಅದೊಂದು ಉದಾತ್ತ ವೃತ್ತಿ. ಆದ್ದರಿಂದ ಶಿಕ್ಷಕಿಯು ಕೈಗಾರಿಕಾ ವಿವಾದಗಳ ಕಾಯಿದೆಯ ಮಟ್ಟಿಗೆ ಕಾರ್ಮಿಕಳಲ್ಲ ಎಂದು ತೀರ್ಮಾನಿಸಿತು. ಶಾಲೆಯ ಗುಮಾಸ್ತನೂ ಸಿಪಾಯಿಯೂ ಆ ಕಾಯಿದೆಯ ಆಶ್ರಯಕ್ಕೆ ಹೋಗಬಹುದು, ಶಿಕ್ಷಕಿ ಹೋಗುವಂತಿಲ್ಲ. 2025ರ ನವೆಂಬರ್ 21ರಿಂದ ಆ ಹಳೆಯ ಕಾಯಿದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಲ್ಲಿಯೂ ಕಾರ್ಮಿಕನೆಂದರೆ ಯಾರು ಎಂಬ ವಿವರಣೆಯಲ್ಲಿ ಮೈಗೆಲಸ, ಕುಶಲ ಕೆಲಸ, ಗುಮಾಸ್ತಿಕೆ ಎಂಬ ಹಳೆಯ ಪಟ್ಟಿಯೇ ಮುಂದುವರಿದಿದೆ. ಕಲಿಸುವ ಕೆಲಸದ ಹೆಸರಿಲ್ಲ.

ಈಗ ದೀದಿಯ ಪಾಡು ನೋಡಿರಿ. ಆಕೆ ಶಿಕ್ಷಕರ ವೇತನಶ್ರೇಣಿ ಕೇಳಿದರೆ ಆಡಳಿತ ಮಂಡಳಿ ಹೇಳುತ್ತದೆ: "ನೀವು ಟೀಚರಲ್ಲ ಬಾಯಿ, ಸಹಾಯಕಿ." ಸರಿ, ಸಹಾಯಕಿಯಾದರೆ ಕಾರ್ಮಿಕಳೆಂದು ಲೇಬರ್ ಕಚೇರಿಗೆ ಹೋಗುತ್ತೇನೆಂದರೆ ಅದೇ ಮಂಡಳಿಯ ವಕೀಲರು ಹೇಳುತ್ತಾರೆ: "ಈಕೆ ಮಕ್ಕಳಿಗೆ ಕಲಿಸುವಾಕೆ, ಗುರುಸ್ಥಾನದಲ್ಲಿರುವಾಕೆ, ಕಾರ್ಮಿಕಳು ಹೇಗಾದಾಳು?" ಪಗಾರದ ಪುಸ್ತಕದಲ್ಲಿ ಸಹಾಯಕಿ, ಕೋರ್ಟಿನಲ್ಲಿ ಗುರು. ಎರಡು ಬಾಗಿಲುಗಳೂ ಒಳಗಿನಿಂದ ಅಗಳಿ ಹಾಕಿರುವ ಮನೆಯ ಅಂಗಳದಲ್ಲಿ ಆಕೆ ನಿಂತಿದ್ದಾಳೆ.

ಈ ಅಗಳಿಯನ್ನು ತೆಗೆಯಲಾಗದೆಂದೇನೂ ಇಲ್ಲ. ಗ್ರ್ಯಾಚುಯಿಟಿಯ ವಿಷಯದಲ್ಲಿಯೂ ಹೀಗೆಯೇ ಆಗಿತ್ತು. ಶಿಕ್ಷಕರು ಆ ಕಾಯಿದೆಯ ಅರ್ಥದಲ್ಲಿ ನೌಕರರಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಶಿಕ್ಷಕ ಸಂಘಟನೆಗಳು ಸುಮ್ಮನಿರಲಿಲ್ಲ. 2009ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿ, ಕೆಲಸಗಳ ಉದ್ದನೆಯ ಪಟ್ಟಿಯನ್ನು ಕಿತ್ತುಹಾಕಿ, ಯಾವುದೇ ಬಗೆಯ ಕೆಲಸ ಮಾಡುವವನೂ ನೌಕರನೇ ಎಂದು ಬರೆಯಿತು. 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಬರೆಯಿತು. ಖಾಸಗಿ ಶಾಲೆಗಳವರು ಅದನ್ನು ಕೋರ್ಟಿಗೆ ಎಳೆದರು; 2022ರ ಆಗಸ್ಟಿನಲ್ಲಿ ಸೋತರು. ಗ್ರ್ಯಾಚುಯಿಟಿಗೆ ಆದದ್ದು ಕೈಗಾರಿಕಾ ಸಂಹಿತೆಗೂ ಆಗಬೇಕೆಂಬುದು ನಮ್ಮ ಮೊದಲ ಬೇಡಿಕೆ. ನಾಲ್ಕಾರು ಪದಗಳ ತಿದ್ದುಪಡಿ ಸಾಕು.

ಕೋರ್ಟುಗಳೆಲ್ಲ ವಿರೋಧವಾಗಿವೆ ಎಂದು ಹೇಳುವುದೂ ನ್ಯಾಯವಲ್ಲ. ತಾತ್ಪೂರ್ತಿಕ ನೌಕರರನ್ನು ಖಾಯಂ ಮಾಡುವ ಹಕ್ಕಿಗೆ 2006ರಲ್ಲಿ, ಕರ್ನಾಟಕ ಸರಕಾರದ ಉಮಾದೇವಿ ಮೊಕದ್ದಮೆಯಲ್ಲಿ, ಬಲವಾದ ಪೆಟ್ಟು ಬಿತ್ತೆಂಬುದು ನಿಜ. ಆದರೆ 2016ರಲ್ಲಿ ಪಂಜಾಬಿನ ಮೊಕದ್ದಮೆಯಲ್ಲಿ, ಸರಕಾರದ ತಾತ್ಪೂರ್ತಿಕ ನೌಕರರು ಖಾಯಂ ನೌಕರರ ಕೆಲಸವನ್ನೇ ಮಾಡುತ್ತಿದ್ದರೆ ಅವರ ಶ್ರೇಣಿಯ ಕನಿಷ್ಠ ವೇತನ ಇವರಿಗೂ ಸಲ್ಲಬೇಕೆಂದು ತೀರ್ಪಾಯಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಕರಾರು ಸಹಾಯಕ ಪ್ರಾಧ್ಯಾಪಕರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿಗಳು ಇನ್ನೂ ಮುಂದೆ ಹೋಗಿ, ಗುರುವನ್ನು ದೇವರೆಂದು ಹೊಗಳುವ ಶ್ಲೋಕವನ್ನು ಸಭೆಗಳಲ್ಲಿ ಹೇಳಿದರೆ ಸಾಲದು, ನಡತೆಯಲ್ಲಿಯೂ ಅದು ಕಾಣಬೇಕು ಎಂಬ ಅರ್ಥದ ಮಾತಾಡಿದರು. ನಮ್ಮ ಶಾಲೆಗಳ ವಾರ್ಷಿಕೋತ್ಸವಗಳಿಗೆ ಹೋದವರಿಗೆ ಈ ಮಾತಿನ ಬಿಸಿ ತಿಳಿಯದೆ ಇರದು.

ಇದೇ ಪ್ರಸಂಗದಲ್ಲಿ ಮತ್ತೊಂದು ವಿಪರ್ಯಾಸವನ್ನು ಹೇಳಿಬಿಡುತ್ತೇವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಟ್ಯೂಶನ್ ಮಾಡಬಾರದೆಂದು ವಿಧಿಸುತ್ತದೆ. ಒಳ್ಳೆಯ ನಿಯಮ. ಆದರೆ ನಮ್ಮ ಸಹಾಯಕಿಯರು ಬದುಕಿರುವುದೇ ಸಂಜೆಯ ಟ್ಯೂಶನ್ನಿನಿಂದ. ಚಾಳಿನ ಕೋಣೆಯಲ್ಲಿ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದಾಗ ನೆರೆಹೊರೆಯವರು ಆಕೆಯನ್ನು 'ಟೀಚರ್' ಎಂದು ಕರೆಯುತ್ತಾರೆ. ಶಾಲೆಯಲ್ಲಿ ಸಿಗದ ಹೆಸರು ಮನೆಯ ಜಗಲಿಯಲ್ಲಿ ಸಿಗುತ್ತದೆ.

ತರಬೇತಿ ಪಡೆದವರು ಇಷ್ಟು ಮಂದಿ ಈ ಸ್ಥಿತಿಗೆ ಬಂದುದೇಕೆ? ತರಬೇತಿ ಕಾಲೇಜುಗಳು ಲೆಕ್ಕವಿಲ್ಲದೆ ಎದ್ದವು, ಹುದ್ದೆಗಳು ಏಳಲಿಲ್ಲ. ಅರ್ಹತಾ ಪರೀಕ್ಷೆಯಾದ ಟಿ.ಇ.ಟಿ. ಬಂತು, ಮಹಾರಾಷ್ಟ್ರದಲ್ಲಿ ಅದರ ಮೇಲೆ ಅಭಿರುಚಿಯ ಇನ್ನೊಂದು ಪರೀಕ್ಷೆ, ಆಮೇಲೆ ಪವಿತ್ರ ಪೋರ್ಟಲ್ಲಿನ ಕಾಯುವಿಕೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಶಾಲೆಗೆ ಬಿ.ಎಡ್. ಸಲ್ಲದು, ಪ್ರಾಥಮಿಕ ತರಬೇತಿಯೇ ಬೇಕೆಂದು ಹೇಳಿತು. ಸಣ್ಣ ಮಕ್ಕಳ ದೃಷ್ಟಿಯಿಂದ ಅದು ಸರಿಯೇ, ಆದರೆ ಬಿ.ಎಡ್. ಹಿಡಿದು ಪ್ರಾಥಮಿಕದ ಆಸೆಯಲ್ಲಿದ್ದವರು ಅಲ್ಲಿಗೆ ಹೊರಗೆ ಬಿದ್ದರು. ಕನ್ನಡಿತಿಯರಿಗೆ ಇದೆಲ್ಲದರ ಮೇಲೆ ಒಂದು ಹೆಚ್ಚಿನ ಸಂಕಟ. ಉಡುಪಿ, ವಿಜಾಪುರ, ಧಾರವಾಡಗಳಲ್ಲಿ ಕನ್ನಡ ಮಾಧ್ಯಮದಲ್ಲಿ ತರಬೇತಿ ಪಡೆದು, ಮದುವೆಯಾಗಿ ಈ ನಗರಕ್ಕೆ ಬಂದವರಿಗೆ ಇಲ್ಲಿಯ ಕನ್ನಡ ಶಾಲೆಗಳೇ ಗತಿ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳೂ ಖಾಸಗಿ ಕನ್ನಡ ಶಾಲೆಗಳೂ ಮಕ್ಕಳಿಲ್ಲದೆ ಒಂದೊಂದಾಗಿ ಬಾಗಿಲು ಹಾಕುತ್ತ ಬಂದಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಜಿಲ್ಲಾ ಪರಿಷತ್ ಕನ್ನಡ ಶಾಲೆಗಳಲ್ಲಿ ಹುದ್ದೆ ತೆರೆದರೂ ಗಂಡ ಮಕ್ಕಳನ್ನು ಇಲ್ಲಿ ಬಿಟ್ಟು ಹೋಗುವುದೆಂತು? ಕೊನೆಗೆ ಇಂಗ್ಲಿಷ್ ಶಾಲೆಯ ಬಾಗಿಲು. ಅಲ್ಲಿ "ನಿಮ್ಮ ಇಂಗ್ಲಿಷ್ ಸಾಲದು, ಸಹಾಯಕಿಯಾಗಿ ಬನ್ನಿ" ಎಂಬ ಉತ್ತರ.

ಆಡಳಿತ ಮಂಡಳಿಗಳಿಗೂ ಅವರ ಕಷ್ಟವಿದೆ ಎಂಬುದನ್ನು ನಾವು ಬಲ್ಲೆವು. ಅನುದಾನವಿಲ್ಲ, ಫೀ ಏರಿಸಿದರೆ ಪಾಲಕರ ಗಲಾಟೆ, ಕಟ್ಟಡದ ಸಾಲ. ಸಣ್ಣ ಶಾಲೆಯ ಟೀಚರ ಪಗಾರವೇ ಅಷ್ಟಕ್ಕಷ್ಟೆ. ಆದರೆ ಹೊಸ ಮಹಡಿ, ತಣ್ಣನೆಯ ಹವೆಯ ಕೋಣೆ, ಬಣ್ಣದ ಜಾಹೀರಾತು ಇವುಗಳಿಗೆ ಇರುವ ಹಣ ದೀದಿಯ ಮೇ ತಿಂಗಳ ಪಗಾರಕ್ಕೆ ಇಲ್ಲವೆಂದರೆ ನಂಬುವುದು ಕಷ್ಟ. ಇದನ್ನು ಬರೆಯುವಾಗ ಪರರ ಶಾಲೆಗಳು ಮಾತ್ರ ನಮ್ಮ ಕಣ್ಣ ಮುಂದಿಲ್ಲ. ನಮ್ಮ ನಮ್ಮ ಊರಿನವರು, ಜಾತಿಬಾಂಧವರು, ಕನ್ನಡದ ಹೆಸರಿನಲ್ಲಿ ಚಂದಾ ಎತ್ತಿ ಕಟ್ಟಿದ ಶಾಲೆಗಳಲ್ಲಿಯೂ ಇದೇ ನಡೆದಿದೆ. ಅಲ್ಲಿ ಕೇಳುವುದು ಇನ್ನೂ ಕಷ್ಟ. ಕಾರ್ಯದರ್ಶಿಗಳು ಅಪ್ಪನ ಸ್ನೇಹಿತರು; ಅಧ್ಯಕ್ಷರು ಮದುವೆಗೆ ಬಂದು ಹರಸಿದವರು; "ನಮ್ಮ ಸಂಸ್ಥೆ ತಾನೇ ಅಮ್ಮಾ, ಸುಧಾರಿಸಿಕೋ" ಎಂದರೆ ಮುಗಿಯಿತು. ಈ ಮಹನೀಯರಲ್ಲಿ ಎಷ್ಟೋ ಮಂದಿ ನಮ್ಮ ಪತ್ರಿಕೆಯ ಹಿತೈಷಿಗಳು, ಜಾಹೀರಾತು ಕೊಟ್ಟು ಸಲಹಿದವರು. ಅವರಿಗೆ ಬೇಸರವಾದೀತೆಂದು ಈ ಮಾತನ್ನು ಬಿಡಲು ನಾವು ಸಿದ್ಧರಿಲ್ಲ. ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರೇ ಇಂದು ಶಾಲೆಗಳ ಯಜಮಾನರಾಗಿದ್ದಾರೆ. ಅವರಿಗಲ್ಲದೆ ಬೇರೆ ಯಾರಿಗೆ ಹೇಳೋಣ?

ಈಗ ಮಾಡಬಹುದಾದದ್ದೇನು? ಮಾನ್ಯತೆ ಪಡೆದ ಖಾಸಗಿ ಶಾಲೆಗಳ ನೌಕರರಿಗಾಗಿ ಮಹಾರಾಷ್ಟ್ರದಲ್ಲಿ 1977ರ ಕಾಯಿದೆಯೊಂದಿದೆ. ಅನುದಾನವಿರಲಿ ಇಲ್ಲದಿರಲಿ ಅದು ಅನ್ವಯವಾಗುತ್ತದೆ. ಖಾಯಂ ಜಾಗಕ್ಕೆ ಅರ್ಹತೆಯುಳ್ಳವರನ್ನು ನೇಮಿಸಬೇಕು. ಪರೀಕ್ಷಾರ್ಥ ಅವಧಿ ಮುಗಿದರೆ ಅವರು ಖಾಯಂ ಎಂದೇ ಎಣಿಸಬೇಕು. ಕೆಲಸದಿಂದ ತೆಗೆದರೆ, ದರ್ಜೆ ಇಳಿಸಿದರೆ ಶಾಲಾ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದು; ಆದರೆ ಆದೇಶ ಕೈಗೆ ಬಂದ ಮೂವತ್ತು ದಿನಗಳೊಳಗೆ. ನಮ್ಮ ಹೆಣ್ಣುಮಕ್ಕಳು ಬರುವುದು ನಾಲ್ಕು ತಿಂಗಳು ಅತ್ತ ಮೇಲೆ. ಮಾನ್ಯತೆಯಿಲ್ಲದೆ ಕಟ್ಟಡದ ತಳಮಹಡಿಯಲ್ಲಿ ನಡೆಯುವ ಬಾಲವಾಡಿಗಳಿಗೆ ಈ ಕಾಯಿದೆಯೂ ಮುಟ್ಟದು. ಅಲ್ಲಿಯ ದೀದಿಯರಿಗೆ ಹೊಸ ನಿಯಮವೇ ಬೇಕು. ಅಂಗವೈಕಲ್ಯವುಳ್ಳ ಮಗುವಿನ ಪಕ್ಕದಲ್ಲಿ ಕೂರುವ 'ಶ್ಯಾಡೋ ಟೀಚರ್' ಎಂಬ ಇನ್ನೊಂದು ವರ್ಗವಿದೆ; ಎಷ್ಟೋ ಕಡೆ ಪಗಾರ ಕೊಡುವವರು ಪಾಲಕರು, ಅಪ್ಪಣೆ ಕೊಡುವವರು ಶಾಲೆಯವರು. ಆಕೆಯ ಧಣಿ ಯಾರೆಂಬುದನ್ನಾದರೂ ಸರಕಾರ ಬರೆದು ಹೇಳಬೇಕು.

ಇವೆಲ್ಲಕ್ಕೂ ಮೊದಲು ಕಾಗದ ಬೇಕು. ನೇಮಕ ಪತ್ರ ಕೊಡದಿದ್ದರೆ ಬರೆದು ಕೇಳಿರಿ. ಕೇಳಿದ ಪತ್ರದ ಪ್ರತಿಯನ್ನು ಇಟ್ಟುಕೊಳ್ಳಿರಿ. ಪಗಾರ ಬ್ಯಾಂಕಿಗೆ ಬರಲಿ. ಹೆಚ್ಚಿನ ಮೊತ್ತಕ್ಕೆ ರುಜು ಹಾಕಿಸಿ ಕಡಿಮೆ ಕೊಡುವ ಪದ್ಧತಿಯ ಸುದ್ದಿ ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಅಂಥ ಪಟ್ಟಿಗೆ ರುಜು ಹಾಕಬೇಡಿರಿ. ಟೀಚರಿಲ್ಲದ ದಿನ ಇಡೀ ವರ್ಗ ನಡೆಸಿದ್ದರೆ ತಾರೀಖು, ಇಯತ್ತೆ, ಪಾಠದ ಹೆಸರು ಒಂದು ವಹಿಯಲ್ಲಿ ಬರೆದಿಡಿರಿ. ವರ್ಷಕ್ಕೆ ಇಂಥ ಅರವತ್ತು ಎಪ್ಪತ್ತು ದಿನಗಳಾದರೆ ಆಕೆ ಯಾರು ಎಂಬ ಪ್ರಶ್ನೆಗೆ ಆ ವಹಿ ಉತ್ತರ ಹೇಳುತ್ತದೆ.

ಶಾಲೆಗಳ ಆಡಳಿತ ಮಂಡಳಿಗಳಲ್ಲಿರುವ ನಮ್ಮ ಸದಸ್ಯರು ಮುಂದಿನ ಸಭೆಯಲ್ಲಿ ಎರಡೇ ಪ್ರಶ್ನೆ ಕೇಳಲಿ: ನಮ್ಮ ಶಾಲೆಯಲ್ಲಿ ತರಬೇತಿ ಪಡೆದ ಸಹಾಯಕಿಯರು ಎಷ್ಟು ಮಂದಿ? ಅವರಿಗೆ ಹನ್ನೆರಡು ತಿಂಗಳ ಪಗಾರ ಇದೆಯೇ? ಬಂದ ಉತ್ತರವನ್ನು, ಅದು ಏನೇ ಇರಲಿ, ಈ ಅಂಕಣಗಳಲ್ಲಿ ಪ್ರಕಟಿಸುತ್ತೇವೆ. ಒಳ್ಳೆಯ ಉತ್ತರ ಕೊಟ್ಟ ಶಾಲೆಯ ಹೆಸರನ್ನು ದಪ್ಪಕ್ಷರದಲ್ಲಿ ಹಾಕಲು ನಮಗೆ ಸಂತೋಷವೇ.

ಸಂಘದ ಸದಸ್ಯತ್ವದ ನಿಯಮದಲ್ಲಿ 'ಶಾಲಾ ಶಿಕ್ಷಕರು' ಎಂಬ ಮಾತು ಇಲ್ಲಿಯ ತನಕ ಇಲ್ಲ. ಮುಂದಿನ ಮಹಾಸಭೆಯಲ್ಲಿ ಅದನ್ನು ಸೇರಿಸುವ ಗೊತ್ತುವಳಿಯನ್ನು ಕಾರ್ಯಕಾರಿ ಸಮಿತಿ ತರಲಿದೆ. ಸಹಾಯಕಿಯರನ್ನೂ ಆ ಮಾತಿನಲ್ಲಿಯೇ ಸೇರಿಸತಕ್ಕದ್ದು, ಅವರಿಗೆ ಬೇರೆ ಹೆಸರು ಬೇಡ ಎಂಬುದು ನಮ್ಮ ಅಭಿಪ್ರಾಯ. ಅದುವರೆಗೆ ಯಾರೂ ಕಾಯಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಅರ್ಜಿ ಬರೆದುಕೊಡುವವರು ಇರುತ್ತಾರೆ. ಸರ್ಟಿಫಿಕೇಟುಗಳ ಪ್ರತಿಯನ್ನೂ ಕಳೆದ ಮೂರು ತಿಂಗಳ ಪಗಾರದ ಚೀಟಿಯನ್ನೂ ತರಬೇಕು. ಚೀಟಿ ಇಲ್ಲದವರು ಹಾಗೆಯೇ ಬರಲಿ.